ಮೂರು ಬಟ್ಟಲು ಒಂದಾಗುವ ತನಕ

"ಬೆಳಿಗ್ಗೆ ಎಂತ ತಿಂದದ್ದು, ಮಾಂಯ್?" ಕಷಾಯದ ಬಟ್ಟಲನ್ನು ಅತ್ತೆಯ ತುಟಿಗೆ ತಾಗಿಸದೆ ಹಿಡಿದುಕೊಂಡೇ ಫೆಲ್ಸಿ ಕೇಳಿದಳು. ನಾಲ್ಕು ತಿಂಗಳಿಂದ ದಿನಾ ಸಂಜೆ ಅದೇ ಪ್ರಶ್ನೆ. ಅತ್ತೆ ಸೆವ್ರಿನ್ ಬಾಯಿಗೆ ಉತ್ತರ ಒಂದು ದಿನವೂ ನೆನಪಾದದ್ದಿಲ್ಲ.

ಮರೆವಿಗೆಂದು ದುಬೈಯ ಚೀನೀ ವೈದ್ಯ ಕೊಟ್ಟ ಬೇರು ತೊಗಟೆಗಳನ್ನು, ಮೂರು ಬಟ್ಟಲು ನೀರು ಒಂದಕ್ಕೆ ಇಳಿಯುವ ತನಕ, ಮಣ್ಣಿನ ಮಡಕೆಯಲ್ಲಿ ಕುದಿಸುತ್ತಿದ್ದವಳು ಫೆಲ್ಸಿಯೇ. ವಾಸನೆಗೆ ಮೂಗು ಮುಚ್ಚಿಕೊಳ್ಳುವ ಟೂರಿಸ್ಟ್ ಕ್ಲಬ್ ಬಡಾವಣೆಯ ನೆರೆಯವರೂ ಇಂಥ ಸೊಸೆ ಸಿಗಲು ಪುಣ್ಯ ಬೇಕು ಎನ್ನುತ್ತಿದ್ದರು. ಊರಲ್ಲಿ ಮುದುಕಿಯ ಮಗಳು ಐರಿನ್ ತೀರಿಕೊಂಡ ಸುದ್ದಿಯನ್ನು ಅವಳಿಗೆ ಐದು ಸಲ ಹೇಳಿಯಾಗಿತ್ತು. ಐದು ಸಲವೂ ಎದೆ ಬಡಿದುಕೊಂಡು ಅತ್ತು, ಗಂಟೆಯೊಳಗೆ ಎಲ್ಲ ಮರೆತು ಕೂತಿದ್ದಳು. ಇನ್ನು ಹೇಳುವುದೇ ಬೇಡವೆಂದು ಫೆಲ್ಸಿಯ ಗಂಡ ಮೊರಿಸ್ ಬಿಟ್ಟುಬಿಟ್ಟ. ಫೆಲ್ಸಿಗೆ ಮಾತ್ರ ಒಂದು ಗಂಟೆಯ ಅಳು ಸಾಲದು.

ಹನ್ನೆರಡು ವರ್ಷದ ಹಿಂದೆ ಫೆಲ್ಸಿಯ ತಾಯಿ ಸತ್ತಾಗ ಊರಿಂದ ಬಂದ ಫೋನ್ ಎತ್ತಿದವಳು ಇದೇ ಅತ್ತೆ. ಇಲ್ಲೇ ನಡೆಯುತ್ತಿದ್ದ ಐರಿನಳ ಮದುವೆ ಮುಗಿಯುವ ತನಕ, ಮೂರು ದಿನ, ಬಾಯಿ ಬಿಡಲಿಲ್ಲ. ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರದಲ್ಲಿ ತೆಂಗಿನಹಾಲನ್ನು ನಗುನಗುತ್ತಾ ಮದುಮಗಳ ತಲೆಗೆ ಹೊಯ್ದವಳು ಫೆಲ್ಸಿ. ಆಗ ಊರಲ್ಲಿ ಫೆಲ್ಸಿಯ ತಾಯಿ ಶವಪೆಟ್ಟಿಗೆಯಲ್ಲಿದ್ದಳು. ಆಮೇಲೆ ಅತ್ತೆ ಹೇಳಿದ್ದು ಇಷ್ಟೇ: "ಊರಿಗೆ ಹೊರಡುವ ಗಡಿಬಿಡಿ ಬೇಡ. ಮಣ್ಣು ಮಾಡಿ ಆಯ್ತು."

ಇವತ್ತು ಸೆವ್ರಿನ್ ಬಾಯಿ ಹಣೆ ಉಜ್ಜಿಕೊಂಡಳು. "ನೀರುದೋಸೆ. ನಿನ್ನೆಯ ಮೀನ್ ಸಾರು ಇತ್ತಲ್ಲ, ಅದರೊಟ್ಟಿಗೆ." ಮತ್ತೆ ಕಣ್ಣರಳಿಸಿ ಕೇಳಿದಳು: "ಐರಿನ್ ಫೋನ್ ಮಾಡಿದಳಾ?"

ಬೆಳಿಗ್ಗೆ ಬಡಿಸಿದ್ದು ಅದನ್ನೇ. ಆದರೂ ಫೆಲ್ಸಿ ಅವಸರ ಮಾಡಲಿಲ್ಲ. ಕಷಾಯವನ್ನು ಕೊನೆಯ ಗುಟುಕಿನವರೆಗೂ ಕುಡಿಸಿ, ಅತ್ತೆಯ ತುಟಿ ಒರಸಿ, ಕುರ್ಚಿಯನ್ನು ಹತ್ತಿರಕ್ಕೆಳೆದು ಕುಳಿತಳು.

"ಊರಿಗೆ ಹೊರಡುವ ಗಡಿಬಿಡಿ ಬೇಡ, ಮಾಂಯ್," ಎಂದಳು. "ಮಣ್ಣು ಮಾಡಿ ಆಯ್ತು."