ಪುದೀನ ಎಣ್ಣೆಯ ಹತ್ತಿ

ನರ್ಸ್ ಪುದೀನ ಎಣ್ಣೆ ಹನಿಸಿ ಕೊಟ್ಟ ಹತ್ತಿಯನ್ನು ಅವಳು ಮೂಗಿಗೆ ಹಿಡಿದುಕೊಂಡಳು. ಇನ್ನೊಂದು ಕೈಗೆ ಕೀಮೋ ಔಷಧಿ ಹನಿಹನಿಯಾಗಿ ಇಳಿಯುತ್ತಿತ್ತು. ಗಂಟಲವರೆಗೆ ಬಂದಿದ್ದ ವಾಕರಿಕೆ ನಿಧಾನವಾಗಿ ಕೆಳಗಿಳಿಯಿತು. ಬಾಗಿಲಾಚೆ ನಿಂತಿದ್ದ ಗಂಡನನ್ನು ಅವಳು ಕರೆದಳು: "ಈಗ ಬನ್ನಿ."

ಅವನು ಬೇಕರಿ ಕೆಲಸದವನು. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಬೆಣ್ಣೆ, ಸುಟ್ಟ ಸಕ್ಕರೆಯ ವಾಸನೆ ಅವನ ಮೈ ಬಿಡುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅದೇ ವಾಸನೆಗೆ ಮರುಳಾಗಿ ಅವನನ್ನು "ಬಿಸಿ ಬನ್ನು" ಎಂದು ಛೇಡಿಸುತ್ತಿದ್ದವಳಿಗೆ, ಚಿಕಿತ್ಸೆ ಶುರುವಾದ ಮೇಲೆ ಅವನು ಹತ್ತಿರ ಸುಳಿದರೂ ವಾಂತಿ ಬರುತ್ತಿತ್ತು. ಪಾಪ, ಅವನು ಹಾಸಿಗೆ ಎತ್ತಿಕೊಂಡು ಹೋಗಿ ಹಾಲ್‌ನಲ್ಲಿ ಮಲಗತೊಡಗಿದ್ದ.

ಅಳುಕುತ್ತಲೇ ಬಂದು ಕುರ್ಚಿಯ ಅಂಚಿನಲ್ಲಿ ಕೂತ. "ವಾಸನೆ ಬರ್ತಿದೆಯಾ?"

"ಇಲ್ಲ. ನಿಮ್ಮದೇನೂ ಗೊತ್ತೇ ಆಗ್ತಿಲ್ಲ."

"ಅಬ್ಬ, ಬದುಕಿದೆ! ಈ ಎಣ್ಣೆ ಮನೇಲೂ ಇಟ್ಕೊಂಡ್ಬಿಡೋಣ. ಇನ್ಮೇಲೆ ನಾನೂ ರೂಮಲ್ಲೇ ಮಲಗ್ತೀನಿ," ಎಂದು ಅವನು ಮಗುವಿನಂತೆ ನಕ್ಕ.

ಅವಳಿಗೆ ನಗು ಬರಲಿಲ್ಲ. ಔಷಧಿ ಕೊಟ್ಟರೂ ಇನ್ನು ಕೆಲವೇ ತಿಂಗಳು ಎಂದು ಡಾಕ್ಟರು ಆ ಬೆಳಿಗ್ಗೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ಅವನಿನ್ನೂ "ಇನ್ಮೇಲೆ" ಎನ್ನುತ್ತಿದ್ದ. ಅವಳು ಹತ್ತಿಯನ್ನು ಪಕ್ಕಕ್ಕಿಟ್ಟು, ಅವನ ಕಾಲರ್ ಹಿಡಿದೆಳೆದು, ಕುತ್ತಿಗೆಗೆ ಮೂಗು ಒತ್ತಿದಳು.

"ಏ, ಬೇಡ ಕಣೇ, ವಾಂತಿ ಆಗುತ್ತೆ!"

"ಆಗ್ಲಿ ಬಿಡಿ."

ಆಯಿತು. ನರ್ಸ್ ಬೇಸಿನ್ ಹಿಡಿದು ಓಡಿಬಂದಳು. ಹೊಟ್ಟೆಯಲ್ಲಿದ್ದದ್ದೆಲ್ಲ ಹೋದ ಮೇಲೆ ಅವಳು ಬಾಯಿ ಒರೆಸಿಕೊಂಡು, ಕಣ್ಣು ಮುಚ್ಚಿ, ಮತ್ತೆ ಅವನ ಕುತ್ತಿಗೆಯಲ್ಲೇ ಮುಖವಿಟ್ಟು ಉಸಿರೆಳೆದುಕೊಂಡಳು.