ತಿಳಿನೀಲಿ ಶರ್ಟು

ಅಮ್ಮ ತನ್ನ ಕೆಲಸದ ತಿಳಿನೀಲಿ ಶರ್ಟನ್ನು ಹಿಂಡಿ, ಬಾಲ್ಕನಿಯ ತಂತಿಗೆ ಹಾಕಲು ಕೊಡವುತ್ತಿದ್ದಳು. ಅಷ್ಟರಲ್ಲಿ ಮಗಳು ಬಾಗಿಲನ್ನು ಕಾಲಿನಿಂದಲೇ ತಳ್ಳಿಕೊಂಡು ಒಳಗೆ ಬಂದಳು. ಎರಡೂ ಕೈ ತುಂಬ ಹೊಸ ಶರ್ಟುಗಳು. ಮೇಲಿನದು ಜಾರದಂತೆ ಗದ್ದದಿಂದ ಒತ್ತಿ ಹಿಡಿದಿದ್ದಳು.

"ಕೆಳಗಿನ ಅಂಗಡಿಯವರು ಮನೇಲೇ ನೋಡಿ ಅಂತ ಕೊಟ್ಟರಮ್ಮ. ಬೇಡದ್ದು ಸಂಜೆ ವಾಪಸ್ ಕೊಟ್ಟರಾಯ್ತು. ಆದ್ರೆ ಪಿನ್ನು ಮಾತ್ರ ತೆಗೀಬಾರದಂತೆ. ತೆಗೆದ್ರೆ ಅದು ನಮ್ಮದೇ ಅಂತೆ."

"ಪಿನ್ನು ತೆಗೀದೆ ಹಾಕ್ಕೊಂಡು ನೋಡೋದು ಹೇಗೆ? ಚುಚ್ಚಿಸ್ಕೊಂಡಾ?" ಕಿಟಕಿಯ ಪಕ್ಕ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಜ್ಜಿ ಕೇಳಿದಳು.

"ಎದೆಗೆ ಹಿಡ್ಕೊಂಡು ನೋಡೋದು ಅಜ್ಜಿ."

ಸೋಮವಾರದಿಂದ ಮಗಳಿಗೆ ಕೆಲಸ. ಓದು ಮುಗಿಸಿ ಸಿಕ್ಕ ಮೊದಲನೆಯ ಕೆಲಸ, ಅದೂ ಲೆಕ್ಕಪತ್ರ ವಿಭಾಗದಲ್ಲಿ. ಅದೇ ಕಚೇರಿಯ ಅದೇ ಮಹಡಿಯನ್ನು ಅಮ್ಮ ವರ್ಷಗಳಿಂದ ಗುಡಿಸಿ ಒರೆಸುತ್ತಿದ್ದಾಳೆ. ಸುದ್ದಿ ತಿಳಿದ ದಿನ ಇಬ್ಬರೂ ತಬ್ಬಿಕೊಂಡು ನಕ್ಕಿದ್ದರು. ಆಮೇಲೆ ಕಚೇರಿಯ ಮಾತು ಬಂದಾಗಲೆಲ್ಲ ಇಬ್ಬರಲ್ಲೊಬ್ಬರಿಗೆ ಬಾಯಾರಿಕೆಯಾಗಿಬಿಡುತ್ತಿತ್ತು, ಎದ್ದು ನೀರು ಕುಡಿಯಲು ಹೋಗುತ್ತಿದ್ದರು. ಊಟಕ್ಕೆ ಕೂತಾಗ ಮಗಳು ಏನನ್ನೋ ಕೇಳಲೆಂದು ಬಾಯಿ ತೆರೆಯುವುದನ್ನೂ, ತೆರೆದ ಬಾಯಿಗೆ ತುತ್ತು ಇಟ್ಟುಕೊಂಡುಬಿಡುವುದನ್ನೂ ಅಮ್ಮ ಕಂಡಿದ್ದಳು. ಆ ಪ್ರಶ್ನೆ ಯಾವುದೆಂದು ತನಗೆ ಗೊತ್ತು ಎಂದೇ ಅವಳ ಎಣಿಕೆ. ಅಲ್ಲಿ ಗುರುತಿಲ್ಲದವಳ ಹಾಗೆ ಇರ್ತೀಯಾ ಎಂದು ಕೇಳಲು ಕೂಸಿಗೆ ನಾಲಿಗೆ ಏಳುತ್ತಿಲ್ಲ, ಪಾಪ. ಆ ಕಷ್ಟ ಅವಳಿಗೆ ಬೇಡವೆಂದು ನಿನ್ನೆ ಸೂಪರ್‌ವೈಸರ್ ಹತ್ತಿರ ಹೋಗಿ, ತನ್ನನ್ನು ಕಚೇರಿಯ ಹಿಂಬದಿಯ ಕಟ್ಟಡಕ್ಕೆ ಹಾಕಿ ಎಂದು ಕೇಳಿಕೊಂಡು ಬಂದಿದ್ದಳು. ಮನೆಯಲ್ಲಿ ಮಾತ್ರ ಹೇಳಿರಲಿಲ್ಲ.

ಅಮ್ಮ ತನ್ನ ಶರ್ಟನ್ನು ತಂತಿಗೆ ಹಾಕಿ, ಕೈ ಒರೆಸಿಕೊಂಡು ಬಂದು ಶರ್ಟುಗಳನ್ನು ಮಂಚದ ಮೇಲೆ ಹರಡಿದಳು. ಒಂದು ಬಿಳಿ, ಒಂದು ಸಣ್ಣ ಗೀಟಿನದು, ಒಂದು ತಿಳಿಹಳದಿ. ಎಲ್ಲಕ್ಕಿಂತ ಕೆಳಗೆ ತಿಳಿನೀಲಿ. ಮಗಳ ಕೈ ನೇರ ಅದಕ್ಕೇ ಹೋಯಿತು.

"ಅದು ಬೇಡ. ಬಿಳಿ ನೋಡು, ಎಷ್ಟು ಅಚ್ಚುಕಟ್ಟಾಗಿದೆ."

"ಬಿಳಿ ಹಾಕಿದ್ರೆ ಜ್ವರದಿಂದ ಎದ್ದು ಬಂದವಳ ಹಾಗೆ ಕಾಣ್ತೀನಿ."

"ಗೀಟಿನದು?"

"ಅದು ಹಾಸಿಗೆಗೆ ಚೆನ್ನಾಗಿರತ್ತೆ" ಎಂದಳು ಅಜ್ಜಿ. "ಆ ನೀಲೀನೇ ಹಿಡಿ ಕೂಸೆ. ಹಾಂ, ನೋಡು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಿಮ್ಮಮ್ಮ ಥೇಟ್ ಹೀಗೇ ಇದ್ಲು."

"ಅದಕ್ಕೇ ಬೇಡ ಅನ್ನೋದು." ಅಮ್ಮನ ಬಾಯಿಂದ ಮಾತು ಜಾರಿತು. "ಗುಡಿಸೋರ ಬಣ್ಣ ಅದು. ಮೊದಲನೇ ದಿನವೇ ಯಾರಾದ್ರೂ ಕೈಗೆ ಬಕೆಟ್ ಕೊಟ್ಟುಬಿಟ್ಟಾರು." ನಗಿಸಲೆಂದು ಆಡಿದ ಮಾತು. ಅಜ್ಜಿ ಕೂಡ ನಗಲಿಲ್ಲ. ಅಮ್ಮ ನೀಲಿ ಶರ್ಟನ್ನು ಮಗಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ವಾಪಸ್ ಕೊಡುವವುಗಳ ಅಡಿಯಲ್ಲಿ ಇಟ್ಟಳು.

ಮಗಳು ಅದನ್ನು ಮತ್ತೆ ಎಳೆದುಕೊಂಡಳು. ಮಂಚದ ಅಂಚಿಗೆ ಕೂತು ಕಾಲರಿನ ಹಿಂದಿದ್ದ ಗುಂಡುಸೂಜಿಯನ್ನು ಕಿತ್ತಳು.

"ಏಯ್, ಪಿನ್ನು" ಎಂದಳು ಅಮ್ಮ.

ಮಗಳು ತೋಳಿನದನ್ನೂ ಕಿತ್ತಳು. ಅಜ್ಜಿ ಬೆಳ್ಳುಳ್ಳಿ ಸಿಪ್ಪೆಯ ತಟ್ಟೆಯನ್ನು ಅವಳತ್ತ ಸರಿಸಿದಳು. ಗುಂಡುಸೂಜಿಗಳು ಒಂದೊಂದಾಗಿ ಅದರೊಳಗೆ ಬಿದ್ದವು. ಕೊನೆಗೆ ಕಾಲರಿನೊಳಗಿನ ರಟ್ಟನ್ನೂ ತೆಗೆದು, ಶರ್ಟನ್ನು ತೊಟ್ಟು, ಗುಂಡಿ ಹಾಕಿಕೊಂಡು ಎದ್ದು ನಿಂತಳು. ಕಾಲರು ಒಂದು ಕಡೆ ಮಡಚಿಕೊಂಡಿತ್ತು. ಅದನ್ನು ಸರಿಮಾಡಲು ಅಮ್ಮನ ಕೈ ತಾನಾಗಿಯೇ ಹೋಯಿತು.

ಮಾತು ಈಗಲೇ ಮುಗಿಯಲಿ ಎನಿಸಿತು ಅವಳಿಗೆ. "ನೋಡು, ನೀನು ಯೋಚನೆ ಮಾಡ್ಬೇಡ. ಸೋಮವಾರದಿಂದ ನಾನು ಹಿಂದಿನ ಕಟ್ಟಡಕ್ಕೆ ಹೋಗ್ತೀನಿ. ಸೂಪರ್‌ವೈಸರ್‌ಗೆ ಹೇಳಿದ್ದೀನಿ. ನಿನ್ನ ಕಣ್ಣಿಗೂ ಬೀಳಲ್ಲ."

ಮಗಳು ಬಾಲ್ಕನಿಯತ್ತ ನೋಡಿದಳು. ತಂತಿಯ ಮೇಲಿನ ಶರ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾಲರಿನ ಮೇಲೇ ಇದ್ದ ಅಮ್ಮನ ಕೈಯನ್ನು ಹಿಡಿದುಕೊಂಡಳು. ವಾರದಿಂದ ತುತ್ತಿನೊಂದಿಗೆ ನುಂಗುತ್ತಿದ್ದ ಪ್ರಶ್ನೆ ಈ ಸಲ ಹೊರಗೆ ಬಂತು.

"ಅಮ್ಮಾ, ನಾನು ನಿನ್ನ ಮಗಳು ಅಂತ ಅಲ್ಲಿ ಹೇಳ್ಕೊಂಡ್ರೆ ನಿನಗೆ ನಾಚಿಕೆ ಆಗತ್ತಾ?"