ಹೇಳದ ಹೆಸರು

ಆ ಸೂತ್ರ ಬರಹದಲ್ಲಿರಲಿಲ್ಲ, ಬಾಯಿಂದ ಬಾಯಿಗೆ ದಾಟಿ ಬಂದದ್ದು. ಕಲಿಸುವವರು ಮೊದಲು ಬುದ್ಧನಿಂದ ಹಿಡಿದು ತಮ್ಮ ಗುರುವಿನವರೆಗೆ ಎಲ್ಲರ ಹೆಸರು ಹೇಳಬೇಕು. ಹೇಳದೆ ಕಲಿಸಿದರೆ ಅದು ಬರೀ ಮಾತು ಎಂಬುದು ಮಠದ ನಂಬಿಕೆ.

ವಯಸ್ಸಾದ ಸನ್ಯಾಸಿನಿ ಡೋಲ್ಕರ್ ಅದನ್ನು ಕಲಿತದ್ದು ಗಡಿಯಾಚೆಯ ಸೆರೆಮನೆಯಲ್ಲಿ. ಪ್ರಾರ್ಥನೆಗೆ ನಿಷೇಧವಿದ್ದ ಆ ಕೋಣೆಯಲ್ಲಿ ಜೊತೆಗಿದ್ದ ಹಿರಿಯ ಸನ್ಯಾಸಿನಿಯೊಬ್ಬರು ದಿನಕ್ಕೆ ನಾಲ್ಕು ಸಾಲಿನಂತೆ ಪಿಸುಗುಟ್ಟಿ ಕಲಿಸಿದ್ದರು. ಕಾವಲುಗಾರರಿಗೆ ಹೇಗೋ ಸುಳಿವು ಸಿಕ್ಕಿ, ಆ ಹಿರಿಯರನ್ನು ಹೊಡೆದು ಕೊಂದರು. ಡೋಲ್ಕರ್ ಬದುಕಿ ಬಂದರು.

ಮೂರು ವರ್ಷ ಅವರ ಎದುರು ಕೂತು ಶಿಷ್ಯೆ ಯಾಂಗ್ಕಿ ಸೂತ್ರವನ್ನು ಪೂರ್ತಿ ಕಲಿತಳು. ಆದರೆ ಹೆಸರುಗಳ ಸಾಲಿನಲ್ಲಿ ಕೊನೆಯದು ಬಂದಾಗಲೆಲ್ಲ ಡೋಲ್ಕರ್ "ನನ್ನ ಗುರು" ಎಂದಷ್ಟೇ ಹೇಳಿ ಮುಂದೆ ಹೋಗಿಬಿಡುತ್ತಿದ್ದರು. ಈಗ ಅವರಿಗೆ ಹಾಸಿಗೆಯಿಂದ ಏಳಲೂ ಆಗುತ್ತಿರಲಿಲ್ಲ.

"ಅಮ್ಮಾ, ನಾಳೆಯಿಂದ ನಾನೇ ಕಲಿಸೋಕೆ ಕೂತ್ಕೋಬೇಕು. ಅವರ ಹೆಸರು ಹೇಳಿ."

"ಬೇಡ."

"ಹೆಸರೇ ಉಳೀದಿದ್ರೆ ಅವರು ಜೀವ ಕೊಟ್ಟಿದ್ದು ದಂಡ ಆಗಲ್ವಾ? ಅಂಥವರ ಹೆಸರು ಹೇಳೋಕೆ ಯಾಕಮ್ಮಾ ಹೆದರ್ತೀರಿ?"

ಡೋಲ್ಕರ್ ಗೋಡೆಯ ಕಡೆಗೆ ಮುಖ ತಿರುಗಿಸಿದರು. ಅವರು ಅಳುತ್ತಿರುವುದು ಯಾಂಗ್ಕಿಗೆ ತಿಳಿಯಿತು. ಸತ್ತ ಗುರುವಿನ ದುಃಖ ಇನ್ನೂ ಆರಿಲ್ಲವೆಂದುಕೊಂಡು ಅವಳು ಅವರ ಕೈ ಹಿಡಿದುಕೊಂಡಳು.

"ಆ ಹೆಸರನ್ನ ಒಂದೇ ಒಂದು ಸಲ ಬಾಯಿ ಬಿಟ್ಟು ಹೇಳಿದ್ದೆ ಮಗಾ," ಎಂದರು ಡೋಲ್ಕರ್. "ನಿನಗೆ ಕಲಿಸ್ತಿರೋರು ಯಾರು ಅಂತ ಜೈಲಿನವರು ಕೇಳಿದಾಗ."